ಗಾಣಿಗನ ಸ್ವಂತ ಗಡಿಗೆ

"ಗುರುಗಳೇ, ಕಾಯಿಲೆ ಬಿದ್ದವನ ಖರ್ಚನ್ನು ಗಟ್ಟಿಮುಟ್ಟಾಗಿರುವವನು ಏಕೆ ಹೊರಬೇಕು?" ಎಂದು ಶಿಷ್ಯನೊಬ್ಬ ಕೇಳಿದ. "ನಾಡಿನ ವೈದ್ಯಶಾಲೆಗಳಿಗೆಂದು ಅರಸ ಮನೆಮನೆಯಿಂದ ತೆರಿಗೆ ಎತ್ತುತ್ತಿದ್ದಾನೆ. ನನ್ನ ಅಣ್ಣ ಒಮ್ಮೆಯೂ ಹಾಸಿಗೆ ಹಿಡಿದವನಲ್ಲ. ಅವನೂ ಕೊಡಬೇಕಂತೆ. ಇದು ನ್ಯಾಯವೇ?"

ಗುರುಗಳು ನಕ್ಕು ಕತೆ ಹೇಳಿದರು.

ಗಾಣಿಗರ ಊರೊಂದಿತ್ತು. ಗಾಣ ಕಟ್ಟಿದಾಗಲೆಲ್ಲ ಮೊದಲ ಸೌಟು ಎಣ್ಣೆ ಊರ ವೈದ್ಯನ ಕೊಪ್ಪರಿಗೆಗೆ ಹೋಗಬೇಕೆಂಬುದು ಅಲ್ಲಿನ ಕಟ್ಟಳೆ. ವೈದ್ಯ ಅದಕ್ಕೆ ಬೇರು ನಾರು ಹಾಕಿ ಗಾಯದ ತೈಲ ಕುದಿಸಿ ಇಡುತ್ತಿದ್ದ. ಬೇಕಾದವರು ಬಂದು ಹಚ್ಚಿಸಿಕೊಂಡು ಹೋಗುತ್ತಿದ್ದರು.

ಊರಿಗೊಂದು ದಾರಿಯಾದರೆ ಎಡವಟ್ಟನಿಗೊಂದು ದಾರಿ. ಅಲ್ಲೊಬ್ಬ ಗಾಣಿಗನಿದ್ದ. ಆಳು ಕಲ್ಲುಗುಂಡಿನಂತಿದ್ದ, ಮುಳ್ಳು ಕೂಡ ಅವನ ಕಾಲಿಗೆ ಹೆದರುತ್ತಿತ್ತು. "ಊರವರ ಗಾಯಕ್ಕೆ ನನ್ನ ಎಣ್ಣೆ ಏಕೆ? ನನ್ನದು ನನ್ನ ಮನೆಯಲ್ಲೇ ಇರಲಿ, ಬೇಕಾದಾಗ ಬಳಸಿಕೊಳ್ಳುತ್ತೇನೆ" ಎಂದು ಮೊದಲ ಸೌಟನ್ನು ಸ್ವಂತ ಗಡಿಗೆಗೆ ಹಾಕತೊಡಗಿದ. ಮೋಸಗಾರನೇನಲ್ಲ. ಆ ಎಣ್ಣೆಯನ್ನು ಮಾರಲಿಲ್ಲ, ಒಗ್ಗರಣೆಗೂ ಮುಟ್ಟಲಿಲ್ಲ. ಗಡಿಗೆ ಕಂಠದವರೆಗೆ ತುಂಬಿತು. ಅದನ್ನು ನೋಡಿದಾಗಲೆಲ್ಲ ತನ್ನ ಜಾಣತನಕ್ಕೆ ತಾನೇ ಮೀಸೆ ತಿರುವಿಕೊಳ್ಳುತ್ತಿದ್ದ.

ಮಳೆಗಾಲದ ಒಂದು ದಿನ ಎಳ್ಳು ಕೆದಕುತ್ತಿದ್ದ ಹೆಂಡತಿಯ ಕೈ ಗಾಣಕ್ಕೆ ಸಿಕ್ಕಿತು. ಎತ್ತು ನಿಲ್ಲಿಸುವಷ್ಟರಲ್ಲಿ ಬೆರಳುಗಳು ಜಜ್ಜಿಹೋಗಿದ್ದವು. ಗಾಣಿಗ ಒಂದು ಕೈಯಲ್ಲಿ ಹೆಂಡತಿಯನ್ನು ಹಿಡಿದು, ಕಂಕುಳಲ್ಲಿ ಗಡಿಗೆ ಅವುಚಿಕೊಂಡು ವೈದ್ಯನ ಮನೆಗೆ ಓಡಿದ.

"ವೈದ್ಯರೇ, ಇದರಲ್ಲಿರುವಷ್ಟನ್ನೂ ಹಚ್ಚಿ. ಇವಳ ಕೈ ಉಳಿಸಿಕೊಡಿ."

ವೈದ್ಯ ಗಡಿಗೆಯೊಳಗೆ ಇಣುಕಿದ. "ಇದು ಬರೀ ಎಣ್ಣೆಯಪ್ಪಾ. ಇದು ಔಷಧವಾಗಬೇಕಾದರೆ ಅಡವಿಯ ಬೇರು ಬೇಕು. ಬೇರು ಸಿಗುವುದು ಮಳೆಗಾಲ ಕಳೆದ ಮೇಲೆ. ಆಮೇಲೆ ದಿನಗಟ್ಟಲೆ ಸಣ್ಣ ಉರಿಯಲ್ಲಿ ಕುದಿಯಬೇಕು. ಅಲ್ಲಿಯವರೆಗೆ ಗಾಯ ತಡೆಯುತ್ತದೆಯೇ?"

ಗಾಣಿಗ ಕುಸಿದು ಕುಳಿತ. ಊರ ಕೊಪ್ಪರಿಗೆಯತ್ತ ನೋಡಲು ಅವನಿಗೆ ಮುಖವಿರಲಿಲ್ಲ. ಹೆಂಡತಿಯ ಕೈ ಹೋಯಿತು, ಅದೂ ತನ್ನಿಂದಲೇ ಹೋಯಿತು ಎಂದುಕೊಂಡ.

ಅವನು ತಲೆ ಎತ್ತುವಷ್ಟರಲ್ಲಿ ವೈದ್ಯ ಕೊಪ್ಪರಿಗೆಯಿಂದ ತೈಲ ತೆಗೆದು, ಗಾಯ ತೊಳೆದು, ಹಚ್ಚಿ, ಬಟ್ಟೆ ಸುತ್ತಿ ಆಗಿತ್ತು. ಅದು ಯಾರ ಪಾಲಿನ ಎಣ್ಣೆಯೆಂದು ವೈದ್ಯ ಕೇಳಲಿಲ್ಲ. "ಅಳಬೇಡ ತಾಯಿ, ಬೆರಳು ಉಳಿಯುತ್ತವೆ" ಎಂದ. ಗಾಣಿಗನಿಗೆ ಹೋದ ಜೀವ ಬಂದಂತಾಯಿತು. ಅಷ್ಟು ದೊಡ್ಡ ಆಳು ಮಗುವಿನಂತೆ ಅತ್ತುಬಿಟ್ಟ. ಹೊರಡುವಾಗ ಗಡಿಗೆಯನ್ನು ಅಲ್ಲೇ ಬಿಟ್ಟು ಹೋದ. ಮಳೆಗಾಲ ಮುಗಿಯುವ ಮೊದಲೇ ಹೆಂಡತಿ ಅದೇ ಕೈಯಿಂದ ರೊಟ್ಟಿ ತಟ್ಟಿದಳು.

ಶಿಷ್ಯನಿಗೂ ನಿರಾಳವಾಯಿತು. "ಸದ್ಯ, ಕೈ ಉಳಿಯಿತಲ್ಲ! ಆದರೆ ಗುರುಗಳೇ, ಅವನ ಗಡಿಗೆಯ ಎಣ್ಣೆ ಅವಳಿಗೆ ಒದಗಲೇ ಇಲ್ಲವಲ್ಲ. ಅದು ಏನಾಯಿತು?"

"ಮಳೆಗಾಲ ಕಳೆದ ಮೇಲೆ ಅದೂ ಊರ ಕೊಪ್ಪರಿಗೆ ಸೇರಿ ಔಷಧವಾಯಿತು. ಅದನ್ನು ಯಾರ ಗಾಯಕ್ಕೆ ಹಚ್ಚಬಾರದೆಂದು ನಿನ್ನ ಅಣ್ಣನನ್ನು ಕೇಳಿಕೊಂಡು ಬಾ."