ಅತಿಥಿಗೆ ಎಂಟೂ ರೊಟ್ಟಿ

ವರದಾ ನದಿ ದಂಡೆಯ ಅಡವಯ್ಯಜ್ಜ ಹಾಡಲು ಕೂತರೆಂದರೆ ಹೊಳೆಯ ಮೀನುಗಳು ಈಜುವುದನ್ನು ಬಿಟ್ಟು, ದಂಡೆಗೆ ಬಾಯಿ ಹಚ್ಚಿ ಕೇಳುತ್ತಿದ್ದವು. ಬೆಸ್ತರು ಬಲೆ ಬೀಸುವುದನ್ನೇ ಮರೆಯುತ್ತಿದ್ದರು. ಇದರಲ್ಲಿ ಒಂದು ಮಾತೂ ಹೆಚ್ಚಿಲ್ಲ, ಇದ್ದರೆ ಕಡಿಮೆಯೇ ಇದ್ದೀತು.

ಅಜ್ಜ ಓದು ಬರಹ ಕಲಿತವರಲ್ಲ. ಅವರು ಕಟ್ಟಿದ್ದು ಆರುನೂರು ತತ್ವಪದ, ಎಲ್ಲವೂ ಬಾಯಲ್ಲೇ. ಅವರ ಆಶ್ರಮದಲ್ಲಿ ಅಡುಗೆ ಮಾಡುತ್ತಿದ್ದ ಗಂಗವ್ವಕ್ಕ ಅವನ್ನು ಕೇಳಿ ಕೇಳಿ, ಹನ್ನೆರಡು ವರ್ಷ ಕೂತು, ಆಶ್ರಮದ ಹಳೇ ಕಂಪ್ಯೂಟರಿನಲ್ಲಿ ಒಂದೊಂದಾಗಿ ಬರೆದಿಟ್ಟಳು.

ಆಮೇಲೆ ಗಂಗವ್ವಕ್ಕ ತೀರಿಕೊಂಡಳು. ಹಳೇ ಕಂಪ್ಯೂಟರೂ ಕೆಟ್ಟು ನಿಂತಿತು. ಅಜ್ಜನಿಗೆ ತೊಂಬತ್ತು ದಾಟಿತು, ಹಾಡೆಲ್ಲ ಮರೆತುಹೋದವು.

ಕೆಟ್ಟ ಕಂಪ್ಯೂಟರಿನಿಂದ ರಿಪೇರಿಯವನು ಆರುನೂರು ಹಾಡನ್ನೂ ಒಂದೇ ಗಂಟು ಕಟ್ಟಿದಂತೆ ತೆಗೆದು, ಶಿಷ್ಯ ಕೊಟ್ರಯ್ಯನ ಮನೆಯ ಕಂಪ್ಯೂಟರಿಗೆ ಹಾಕಿಕೊಟ್ಟ. ಆದರೆ ಗಂಟು ಬಿಚ್ಚಲೇ ಇಲ್ಲ. ಅದು ಹಳೇ ಕಾಲದ ಕಂಪ್ಯೂಟರಿಗಷ್ಟೇ ಬಿಚ್ಚುವ ಗಂಟು.

ಅಂದಿನಿಂದ ಮೂರು ದಿನ ಕೊಟ್ರಯ್ಯ ಹೊಳೆ ಕಡೆ ತಲೆ ಹಾಕಲಿಲ್ಲ.

ನಾಲ್ಕನೇ ದಿನ ಅಜ್ಜ ಕೋಲೂರಿಕೊಂಡು ಅವನ ಮನೆಗೇ ಬಂದರು.

ಕೊಟ್ರಯ್ಯನದು ಒಂಟಿ ಜೀವ, ಒಂದೇ ಕೋಣೆ. ಒಲೆ ಪಕ್ಕದಲ್ಲಿ ಹಿಟ್ಟಿನ ಡಬ್ಬಿ, ಡಬ್ಬಿ ಪಕ್ಕದಲ್ಲಿ ಕಂಪ್ಯೂಟರು. ಅದರ ಮುಂದೆ ಅವನು ಉಸಿರು ಬಿಗಿಹಿಡಿದು ಕೂತಿದ್ದ. ಕಂಪ್ಯೂಟರಿನ ಫ್ಯಾನು ಬೊಬ್ಬೆ ಹೊಡೆಯುವ ರಭಸಕ್ಕೆ ಅಂಗಳದ ಬೇವಿನ ಮರದ ಕಾಗೆಗಳು ಊರೇ ಬಿಟ್ಟಿದ್ದವು.

“ಯಾಕೋ ಕೊಟ್ರಯ್ಯ, ಮುಖ ಸುಟ್ಟ ಬದನೀಕಾಯಿ ಆಗೇತಲ್ಲ?”

“ಜೋರಾಗಿ ಮಾತಾಡಬ್ಯಾಡ್ರಿ ಅಜ್ಜಾರ. ಅಲುಗಾಡೀತು.”

“ಅಲುಗಾಡಿದ್ರ?”

“ಹಾಡು ಹೋಗತಾವ್ರಿ.”

ಅಜ್ಜ ಹೊಸ್ತಿಲ ಮೇಲೆ ಕೂತರು. “ಏನ್ ಮಾಡೀ, ಹೇಳು.”

“ಕಂಪ್ಯೂಟರ್ ಒಳಗ ಇನ್ನೊಂದು ಕಂಪ್ಯೂಟರ್ ಕೂಡ್ರಿಸೀನ್ರಿ. ವರ್ಚುವಲ್ ಮಷೀನ್ ಅಂತಾರ. ಹೊರಗ ಹೊಸಾದು, ಒಳಗ ಹಳೇದು. ಒಳಗಿನದು ಎದ್ದರ ಗಂಗವ್ವಕ್ಕನ ಗಂಟು ಬಿಚ್ಚತೈತಿ.”

“ಎದ್ದಿತೇನು?”

“ಅರ್ಧ ಎದ್ದು ನಿಂತುಬಿಡ್ತರಿ. ಈಗ ಪರದೆ ಮ್ಯಾಲಿನ ಬಾಣ ಅಲುಗಾಡವಲ್ದು, ಬಂದ್ ಆಗು ಅಂದ್ರ ಕೇಳವಲ್ದು. ಕರೆಂಟ್ ಕಿತ್ತರ ಹಾಡು ಸತ್ತುಹೋದ್ರ? ಇರೋದು ಒಂದ ಪ್ರತಿ. ಮುಟ್ಟಾಕ ಹೆದರಿ ಇನ್ನೊಂದು ತಗದಿಲ್ಲ. ಗಂಗವ್ವಕ್ಕ ಹೋಗೂ ಮುಂದ ನನ್ನ ಕೈ ಹಿಡದು, ಹಾಡು ಹುಷಾರು ತಮ್ಮಾ ಅಂದಿದ್ಲು.”

ಆ ಕೈಯನ್ನೇ ಅವನು ನೋಡಿಕೊಂಡ.

“ಒಳಗ ಕೂತ ಕಂಪ್ಯೂಟರಿಗೆ ಏನಂತಾರ?” ಅಜ್ಜ ಕೇಳಿದರು.

“ಅತಿಥಿ ಅಂತಾರ್ರಿ. ಹೊರಗಿನದು ಮನೀ ಯಜಮಾನ.”

“ಚಲೋ ಹೆಸರು. ಅತಿಥಿಗೆ ಏನ್ ಕೊಟ್ಟಿ?”

ಆ ಸಂಕಟದಲ್ಲೂ ಕೊಟ್ರಯ್ಯನ ಎದೆ ಉಬ್ಬಿತು.

“ಎಲ್ಲಾ ಕೊಟ್ಟೆರಿ! ಮೆಮೊರಿ ಎಂಟು ಪಾಲು ಐತಿ, ಎಂಟೂ ಅದಕ್ಕ. ಎಷ್ಟು ಕೊಡ್ತಿ ಅಂತ ಒಂದು ಗೆರಿ ತೋರಸ್ತೈತಿ. ಮೊದಲು ಹಸಿರು, ಆಮ್ಯಾಲೆ ಕೆಂಪು. ಕುಂಕುಮ ಇದ್ದಂಗಿತ್ತು. ಶುಭ ಅಂತ ತುದೀತನಕ ಎಳದೆ. ನೀವ ಹೇಳೀರಲ್ರಿ, ಬಂದವರಿಗೆ ಇಲ್ಲ ಅನಬಾರದು ಅಂತ?”

ಅಜ್ಜ ಒಳಗೆ ಬಂದು ಒಲೆ ಮುಂದೆ ಚಕ್ಕಳಮಕ್ಕಳ ಹಾಕಿದರು.

“ಇವತ್ತು ನಾ ನಿನ್ನ ಅತಿಥಿ. ರೊಟ್ಟಿ ಎಷ್ಟದಾವು?”

“ಎಂಟ್ರಿ.”

“ಎಂಟೂ ಇಡು.”

ಕೊಟ್ರಯ್ಯನ ರೊಟ್ಟಿ ಎಂದರೆ ಗಾಡಿಯ ಗಾಲಿಯಷ್ಟು ಅಗಲ. ಬೆಳಿಗ್ಗೆ ಸುಟ್ಟವನು ಚಿಂತೆಯಲ್ಲಿ ಒಂದನ್ನೂ ಮುಟ್ಟಿರಲಿಲ್ಲ. ಎಂಟನ್ನೂ ಇಟ್ಟ. ಅವನ ಹೊಟ್ಟೆ ಹೊಳೆಯ ಆಚೆ ದಂಡೆಗೆ ಕೇಳುವ ಹಾಗೆ ಗುರುಗುಟ್ಟಿತು.

“ಕೊಡ ಕೊಡು.”

“ಖಾಲಿ ಐತ್ರಿ. ಮೂರು ದಿನ ಆತು, ಹೊಳಿಗೆ ಹೋಗಿಲ್ಲ.”

“ಇರಲಿ, ಕೊಡು. ಆ ತಂಬಿಗಿ. ಆ ಲೋಟ. ಆ ಬೋಗುಣಿ.”

ಮನೆಯಲ್ಲಿದ್ದ ಪಾತ್ರೆಯೆಲ್ಲ ಅಜ್ಜನ ಸುತ್ತ ಬಂತು. ಅಜ್ಜ ಒಣರೊಟ್ಟಿ ಮುರಿದು ಬಾಯಿಗಿಟ್ಟರು. ಎರಡನೇ ತುತ್ತಿಗೆ ಬಿಕ್ಕಳಿಕೆ ಹತ್ತಿತು. ಮೂರನೆಯದಕ್ಕೆ ಕೆಮ್ಮು.

“ನೀರು ತಾರೋ!”

ಕೊಟ್ರಯ್ಯ ತಂಬಿಗೆಗೆ ಕೈ ಹಾಕಿದ.

“ಅದು ನನಗ ಕೊಟ್ಟದ್ದು.”

ಕೊಟ್ರಯ್ಯ ಹೊಳೆಗೆ ಓಡಿದ. ಬೊಗಸೆ ತುಂಬಿಕೊಂಡು ಓಡಿ ಬಂದ. ಹೊಸ್ತಿಲಿಗೆ ಬರುವಷ್ಟರಲ್ಲಿ ಬೆರಳು ಒದ್ದೆ, ಬೊಗಸೆ ಬರಿದು. ಮತ್ತೆ ಓಡಿದ. ಮೂರನೇ ಸಲ ಓಡುವಾಗ ದಾರಿಯ ಧೂಳೆಲ್ಲ ಕೆಸರಾಗಿತ್ತು ಅಂದರೆ ನೀವೇ ಲೆಕ್ಕ ಹಾಕಿ. ನಾಲ್ಕನೇ ಸಲ ಹಸಿದ ಕಾಲು ಸೋತು ಬಾಗಿಲಲ್ಲೇ ಕುಸಿದ.

ಅಜ್ಜನ ಮುಖ ಕೆಂಪಾಗಿತ್ತು. “ಅತಿಥಿ ಸಾಯಾಕತ್ತಾನ. ಯಜಮಾನ ಎಲ್ಲಿ ಹೋದ?”

“ಇಲ್ಲೇ ಅದೀನ್ರೀ!” ಕೊಟ್ರಯ್ಯನಿಗೆ ಅಳು ಬಂತು. “ಒಂದು ತಂಬಿಗಿ ಕೈಯಾಗ ಇದ್ರ, ಹೊಟ್ಯಾಗ ಒಂದು ರೊಟ್ಟಿ ಇದ್ರ, ತರತಿದ್ದಿಲ್ಲೇನ್ರಿ? ಎಲ್ಲಾ ನಿಮ್ಮ ಹಂತೇಕ ಐತಿ!”

ಅಂದ ಮಾತು ಅವನ ಕಿವಿಗೇ ಬಿತ್ತು. ಫ್ಯಾನು ಬೊಬ್ಬೆ ಹೊಡೆಯುತ್ತಲೇ ಇತ್ತು. ಅವನು ನಿಧಾನವಾಗಿ ಅದರ ಕಡೆ ಕತ್ತು ತಿರುಗಿಸಿದ.

ಅಜ್ಜ ತಂಬಿಗೆಯನ್ನೂ ಐದು ರೊಟ್ಟಿಯನ್ನೂ ಅವನ ಕಡೆ ಸರಿಸಿದರು. “ಮೊದಲ ನೀ ತಿನ್ನು. ಆಮ್ಯಾಲೆ ನೀರು ತಾ.”

ಕೊಟ್ರಯ್ಯ ಗಬಗಬ ತಿಂದ. ನೀರು ತಂದ. ಅಜ್ಜ ಕುಡಿದರು, ಬಿಕ್ಕಳಿಕೆ ನಿಂತಿತು.

ಆಗ ಅವನು ಕಂಪ್ಯೂಟರಿನ ಗುಂಡಿಯ ಮೇಲೆ ಬೆರಳಿಟ್ಟ. ಒತ್ತಲಿಲ್ಲ.

“ಹಾಡು ಹೋದ್ರ, ಅಜ್ಜಾರ?”

“ಹಿಂಗ ಇಟ್ಟರ ಇದ್ದಾವೇನು?”

ಕಣ್ಣು ಮುಚ್ಚಿ ಒತ್ತಿ ಹಿಡಿದ. ಫ್ಯಾನು ನಿಂತಿತು. ಎಂಥಾ ನಿಶ್ಶಬ್ದ ಅಂದರೆ, ಹೊಳೆಯ ತಳದಲ್ಲಿ ಏಡಿ ನಡೆದಾಡುವುದೂ ಕೇಳುತ್ತಿತ್ತು.

ಮತ್ತೆ ಹಚ್ಚಿದ. ಮೊದಲು ಹಾಡಿನ ಗಂಟು ಹುಡುಕಿದ. ಇತ್ತು. ಈ ಸಲ ಅದರ ಎರಡು ಪ್ರತಿ ತೆಗೆದಿಟ್ಟ. ಆಮೇಲೆ ಯಜಮಾನನಿಗೆ ಐದು ಪಾಲು ಉಳಿಸಿ, ಅತಿಥಿಗೆ ಮೂರು ಕೊಟ್ಟ. ಗೆರೆ ಹಸಿರಿನಲ್ಲೇ ನಿಂತಿತು.

ಒಳಗಿನ ಹಳೇ ಕಂಪ್ಯೂಟರು ಮೆಲ್ಲಗೆ, ಮುದುಕರು ಏಳುವ ಹಾಗೆ ಎದ್ದಿತು. ಕೊಟ್ರಯ್ಯ ಗಂಗವ್ವಕ್ಕನ ಗಂಟು ಮುಟ್ಟಿದ. ಬಿಚ್ಚಿಕೊಂಡಿತು.

ಒಡೆದ ದನಿಯಲ್ಲೇ ಮೊದಲ ಸಾಲು ಹಾಡಿದ.

“ಮನಿಯೊಳಗ ಮನಿಯುಂಟು, ಕದ ಎಲ್ಲಿ ಹೇಳಣ್ಣ…”

ಎರಡನೇ ಸಾಲು ಓದುವ ಮೊದಲೇ ಬೆನ್ನ ಹಿಂದಿನಿಂದ ಬಂತು.

“ಕದವಿಲ್ಲದ ಮನಿಗೆ ಕೀಲಿ ಯಾಕೆ ಹೇಳಣ್ಣ…”

ಅಜ್ಜನ ಕಣ್ಣು ಮುಚ್ಚಿತ್ತು. ಹೊಳೆಯಲ್ಲಿ ಮೀನು ದಂಡೆಗೆ ಬಂದವು. ನೋಡಿದವರು ಇನ್ನೂ ಇದ್ದಾರೆ, ಹೋಗಿ ಕೇಳಬಹುದು.

ಹಾಡು ಮುಗಿಸಿ ಅಜ್ಜ ಕೋಲು ಹಿಡಿದು ಎದ್ದರು. ಕೊಟ್ರಯ್ಯ ಎದ್ದಿರಲಿಲ್ಲ. ಪರದೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದ.

“ಇದನ್ನ ಬಂದ್ ಮಾಡ್ಲೋ ಬ್ಯಾಡೋ, ಅಜ್ಜಾರ? ಮತ್ತ ಏಳದಿದ್ರ?”

ಅಜ್ಜ ಬಾಗಿಲಲ್ಲಿ ತಿರುಗಿದರು.

“ಉಂಡ ಅತಿಥಿನ್ನ ಕಟ್ಟಿಹಾಕಬ್ಯಾಡೋ ತಮ್ಮಾ. ಹೋಗಲಿ ಬಿಡು, ಹಸಿದಾಗ ಮತ್ತ ಬರ್ತಾನ. ಒಲಿ ಮ್ಯಾಲಿನ ಹಂಚು ಮಾತ್ರ ಆರಗೊಡಬ್ಯಾಡ.”