ಇಲ್ಲದ ಗೊಂಚಲು

"ಮೂರು ಒಗಟು ಬಿಡಿಸಿದವರು ಬೇಡಿದ್ದನ್ನು ಪಡೆಯುವರು, ತಪ್ಪಿದವರು ತಲೆ ಒಪ್ಪಿಸುವರು. ಇದು ಅಲ್ದೆಮಾರೊ ಮಹಾರಾಜರ ಆಜ್ಞೆ!"

ಇಟಲಿಯ ಆ ಬೆಟ್ಟದ ನಾಡಿನಲ್ಲಿ ಡಂಗುರ ಕೇಳಿದೊಡನೆ, ಪೀಪಾಯಿ ತೊಳೆಯುತ್ತಿದ್ದ ನೆವಿನಾಳ ಕೈ ನಿಂತಿತು. ಅವಳ ತಂದೆ ಬಾಸ್ತಿಯಾನೊ ಏಳು ವರ್ಷಗಳಿಂದ ಕೋಟೆಯ ಸೆರೆಯಲ್ಲಿದ್ದ. ಅರಸನ ತೋಟದ ಅರ್ಧದಷ್ಟು ಎಳೆಯ ದ್ರಾಕ್ಷಿಯನ್ನು ಕತ್ತರಿಸಿ ಚೆಲ್ಲಿದನೆಂಬುದು ಅಪರಾಧ. ಈಗ ಕೆಮ್ಮಿದರೆ ರಕ್ತ ಬೀಳುತ್ತಿತ್ತು. ಈ ಚಳಿಗಾಲ ದಾಟುವನೆಂಬ ಭರವಸೆ ಕಾವಲುಗಾರನಿಗೂ ಇರಲಿಲ್ಲ. ಆದರೆ ಅಂದು ಕತ್ತರಿ ಹಿಡಿದ ಕೈ ನೆವಿನಾಳದು. "ಬಾಯಿ ಬಿಟ್ಟರೆ ನನ್ನಾಣೆ, ಮಗಳೇ" ಎಂದು ಅಪ್ಪ ಅವಳನ್ನು ಕಟ್ಟಿಹಾಕಿದ್ದ.

ಉಳಿದಿದ್ದ ದಾರಿ ಇದೊಂದೇ. ಒದ್ದೆ ಬಟ್ಟೆಯಲ್ಲೇ ಅವಳು ಆಸ್ಥಾನಕ್ಕೆ ನಡೆದಳು.

ಒಬ್ಬ ರಾಜಕುಮಾರ, ಒಬ್ಬ ಪಂಡಿತ ಆಗಲೇ ಒಗಟು ಬಿಡಿಸಲು ಬಂದು ನಿಂತಿದ್ದರು. ಅರಸನ ಮುಂದೆ ಏಳು ವರ್ಷ ಹಳೆಯ ಕೆಂಪು ವೈನ್ ಇತ್ತು. ನೋಡಲು ತೆಳು, ಪರಿಮಳ ಮಾತ್ರ ಸಭೆಯ ತುಂಬ ಗುಲಾಬಿ ಹರಡಿದಂತೆ.

"ಮಂಜಿನಿಂದ ಹೆಸರನ್ನೂ ಬಿಸಿಲಿನಿಂದ ಬಣ್ಣವನ್ನೂ ಪಡೆದವಳು ಯಾರು?" ಅರಸ ಕೇಳಿದ.

"ನೆಬ್ಬಿಯೋಲೊ ದ್ರಾಕ್ಷಿ," ಎಂದ ರಾಜಕುಮಾರ ಉಬಾಲ್ದೊ. ಪಂಡಿತ ಸಿಲ್ವಾನೊ, ನೆವಿನಾ ಇಬ್ಬರೂ ಅದೇ ಉತ್ತರವೆಂದು ತಲೆಯಾಡಿಸಿದರು. ಮಂಜು ಇಳಿಯುವ ದಿನಗಳಲ್ಲಿ ಕೊಯ್ಯುವ ಹಣ್ಣಿಗೆ ಮಂಜಿನದೇ ಹೆಸರು.

"ಸೆರೆಯಲ್ಲಿಟ್ಟಷ್ಟೂ ಮೃದುವಾಗುವ, ಬಿಡುಗಡೆಯಾದೊಡನೆ ಮುಗಿದುಹೋಗುವ ಒರಟ ಯಾರು?"

ಉಬಾಲ್ದೊ ನಕ್ಕ. "ಕೈದಿ! ನೆಲದಡಿಯ ಸೆರೆಯಲ್ಲಿ ಕೆಮ್ಮುವ ಆ ಮುದುಕನನ್ನೇ ನೋಡಿ."

ಉತ್ತರ ತಪ್ಪಿತು, ಉಬಾಲ್ದೊನಿಗೆ ಬೇಡಿ ಬಿತ್ತು. ನೆವಿನಾ ಮುಂದೆ ಬಂದಳು. ಸೆರೆ ಅಪ್ಪನನ್ನು ಮೃದುವಾಗಿಸಿರಲಿಲ್ಲ, ಸವೆಸಿತ್ತು. "ವೈನ್, ಪ್ರಭು," ಎಂದಳು. "ಎಳೆಯದರಲ್ಲಿ ನಾಲಿಗೆ ಹಿಡಿಯುವ ಒಗರು ಪೀಪಾಯಿಯಲ್ಲಿ ಇಳಿಯುತ್ತದೆ. ಮುಚ್ಚಳ ತೆಗೆದ ದಿನವೇ ಅದರ ಕೊನೆ." ಪಂಡಿತನೂ ಅದನ್ನೇ ನುಡಿದ.

ಅರಸನ ದನಿ ತಗ್ಗಿತು. "ಮೂರನೆಯದರ ಉತ್ತರ ನನಗೂ ತಿಳಿಯದು. ಇದನ್ನು ತೆಗೆದ ವರ್ಷ ಬಿಸಿಲು, ಮಳೆ ಎಲ್ಲರಿಗೂ ಒಂದೇ. ನೆರೆಯವರದರಲ್ಲಿ ಇಲ್ಲದ ಯಾವುದು ನನ್ನ ಈ ವೈನಿನಲ್ಲಿದೆ?"

"ತಮ್ಮ ಪುಣ್ಯ, ಪ್ರಭು!" ಎಂದ ಸಿಲ್ವಾನೊ.

"ಅದೇ ಪುಣ್ಯ ಮರುವರ್ಷ ಎಲ್ಲಿ ಹಾಳಾಗಿಹೋಗಿತ್ತು, ಪಂಡಿತರೇ?"

ಸಿಲ್ವಾನೊನಿಗೂ ಬೇಡಿ ಬಿತ್ತು. ನೆವಿನಾಳಿಗೆ ಉತ್ತರ ಗೊತ್ತಿತ್ತು. ನುಡಿದರೆ ಅದು ತಪ್ಪೊಪ್ಪಿಗೆ. ಅಪ್ಪನ ಆಣೆಯೂ ಮುರಿಯುತ್ತದೆ. ನುಡಿಯದಿದ್ದರೆ ತಲೆ. ಅಷ್ಟರಲ್ಲಿ ನೆಲದಡಿಯಿಂದ ಆ ಕೆಮ್ಮು ಕೇಳಿಸಿತು.

"ಇಲ್ಲದ ಗೊಂಚಲು, ಪ್ರಭು," ಎಂದಳು. "ಒಂದು ಬಳ್ಳಿಯ ಸಾರ ಎಲ್ಲ ಗೊಂಚಲಿಗೂ ಹಂಚಿಹೋದರೆ ಯಾವುದೂ ತುಂಬುವುದಿಲ್ಲ ಎಂದು ಅಪ್ಪ ಕಲಿಸಿದ್ದ. ಅರ್ಧ ತೆಗೆದೆ, ಅವುಗಳ ಪಾಲನ್ನು ಉಳಿದವು ಉಂಡವು. ಕತ್ತರಿಸಿದ್ದು ಅಪ್ಪನಲ್ಲ, ನಾನು. ಶಿಕ್ಷೆ ನನಗಿರಲಿ."

ಅರಸ ಲೋಟವನ್ನು ಕೆಳಗಿಟ್ಟ.

"ಆ ಸುಗ್ಗಿಯಲ್ಲಿ ಗಾಡಿಗಳು ಅರ್ಧ ಖಾಲಿಯಾಗಿ ಬಂದವು. ನಾನು ಖಾಲಿಯನ್ನಷ್ಟೇ ಕಂಡೆ," ಎಂದ. "ಉತ್ತರ ಸರಿ. ಬೇಡಿಕೋ, ತಾಯಿ."

ನೆವಿನಾ ಸಭೆಯತ್ತ ತಿರುಗಿ, ಎಲ್ಲರಿಗೂ ಕೇಳುವಂತೆ ಹೇಳಿದಳು:

"ಈ ಇಬ್ಬರ ಬೇಡಿ ಬಿಚ್ಚಿ. ನಾನು ಅಪ್ಪನನ್ನು ಈಗಲೇ ಮನೆಗೆ ಕರೆದೊಯ್ಯುತ್ತೇನೆ. ಬರುವ ಬೇಸಿಗೆಯಲ್ಲೂ ಅರ್ಧ ಗೊಂಚಲು ಕತ್ತರಿಸುತ್ತೇನೆ."