ತೊಟ್ಟಿಲು ಎಣಿಸಲು ಹೋದವನು

ಹೊಳೆಯ ಈಚೆ ದಡದಲ್ಲಿ ಒಂದು ನಾಡು, ಆಚೆ ದಡದಲ್ಲಿ ಇನ್ನೊಂದು.

ಆಚೆ ನಾಡಿನಲ್ಲಿ ಮಕ್ಕಳು ಬಹಳ ಹುಟ್ಟುತ್ತಿದ್ದಾರೆಂಬ ಸುದ್ದಿ ಈಚೆಯ ಅರಸನ ಕಿವಿಗೆ ಬಿತ್ತು. ಅಂದಿನಿಂದ ಅವನಿಗೆ ಅನ್ನ ರುಚಿಸಲಿಲ್ಲ.

ದಡದ ಆಶ್ರಮದಲ್ಲಿದ್ದ ಗುರು ಮರುಳಯ್ಯನವರಿಗೆ ಹೇಳಿಕಳಿಸಿದ: "ನಿಮ್ಮ ಶಿಷ್ಯನೊಬ್ಬ ಹೋಗಿ ನಿಜ ತಿಳಿದು ಬರಲಿ. ಆ ಮಕ್ಕಳು ಬೆಳೆದು ನಮ್ಮ ಮೇಲೆ ಏರಿ ಬರುವ ಮೊದಲೇ ನಾವು ದಂಡೆತ್ತಿ ಹೋಗಬೇಕಾದೀತು."

ಗುರುಗಳು ಕೇತಯ್ಯನನ್ನು ಕಳಿಸಿದರು. ಕಂಡದ್ದನ್ನೆಲ್ಲ ಎಣಿಸುವುದೆಂದರೆ ಅವನಿಗೆ ಬಲು ಇಷ್ಟ.

ಕೇತಯ್ಯ ಊರೂರು ಸುತ್ತಿ ಬಂದ.

"ಸುದ್ದಿ ನಿಜ ಗುರುಗಳೇ. ನಮ್ಮಲ್ಲಿ ಮನೆಗೆ ಎರಡು ಹೆರಿಗೆಯಾದರೆ ಅಲ್ಲಿ ಏಳು, ಎಂಟು. ಆದರೆ ಒಂದು ವಿಚಿತ್ರ. ಇಷ್ಟು ಹುಟ್ಟಿದರೂ ಬೀದಿಯಲ್ಲಿ ಆಡುವ ಮಕ್ಕಳು ನಮ್ಮಲ್ಲಿರುವಷ್ಟೇ."

"ಅವರ ಹೆಸರೇನು?"

"ಯಾರದ್ದು?"

"ಆ ಮಕ್ಕಳದ್ದು."

"ಅರಸರು ಕೇಳಿದ್ದು ಸಂಖ್ಯೆ, ಗುರುಗಳೇ."

"ನಾನು ಕೇಳಿದ್ದು ಹೆಸರು."

ಕೇತಯ್ಯ ಮತ್ತೆ ಹರಿಗೋಲು ಹತ್ತಿದ.

ಮೊದಲ ಮನೆಯ ಮಗುವಿನ ಹೆಸರು ತಿಪ್ಪ. ಎದುರು ಮನೆಯದು ಗುಂಡ. ಅದರಾಚೆ ಕಲ್ಲ. ಮುಂದಿನ ಬೀದಿಯಲ್ಲಿ ಇನ್ನೊಬ್ಬ ತಿಪ್ಪ. ಈಚೆ ನಾಡಿನಲ್ಲಾದರೆ ದೇವರ ಹೆಸರು, ಅಜ್ಜ ಅಜ್ಜಿಯರ ಹೆಸರು. ಅವನಿಗೆ ಕುತೂಹಲ ತಡೆಯಲಾಗಲಿಲ್ಲ.

ಬೊಮ್ಮವ್ವ ಎಂಬ ತಾಯಿ ಜಗಲಿಯಲ್ಲಿ ಕೂಸನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು.

"ಇಷ್ಟು ಮುದ್ದಾದ ಮಗುವಿಗೆ ತಿಪ್ಪ ಅಂತ ಯಾಕಮ್ಮ ಹೆಸರು?"

"ಹುಟ್ಟಿದ ಕೂಡಲೇ ತಿಪ್ಪೆಯ ಮೇಲೆ ಮಲಗಿಸಿ ಎತ್ತಿಕೊಂಡೆ ಸ್ವಾಮಿ. ಬೇಡದ ಕೂಸು ಅಂದುಕೊಂಡು ಸಾವು ಬಿಟ್ಟುಹೋಗಲಿ ಅಂತ."

"ಇವನಿಗಿಂತ ಮೊದಲಿನವರು?"

"ಅವರಿಗೆಲ್ಲ ಒಳ್ಳೊಳ್ಳೆಯ ಹೆಸರೇ ಇಟ್ಟಿದ್ದೆ."

ಅವಳು ಒಂದೊಂದಾಗಿ ಹೇಳಿದಳು. ಆ ಹೆಸರಿನವರು ಒಬ್ಬರೂ ಮನೆಯಲ್ಲಿರಲಿಲ್ಲ.

"ಇನ್ನೂ ಹೆರುತ್ತೀಯಾ ತಾಯಿ?"

"ಇವನು ಉಳಿದರೆ ಸಾಕು ಸ್ವಾಮಿ. ಉಳಿಯುತ್ತಾನೆ ಅಂತ ನೀವು ಹೇಳುತ್ತೀರಾ?"

ಕೇತಯ್ಯ ಕೂಸಿನ ತಲೆ ನೇವರಿಸಿ ಹರಿಗೋಲಿನತ್ತ ನಡೆದ.

ಆಶ್ರಮಕ್ಕೆ ಬಂದವನು ಗುರುಗಳ ಮುಂದೆ ಕೂತ. ಆ ಮಕ್ಕಳ ಹೆಸರುಗಳನ್ನೆಲ್ಲ ಹೇಳಿದ, ಇದ್ದವರದ್ದೂ ಇಲ್ಲದವರದ್ದೂ.

"ಕೂಸು ಉಳಿಯುತ್ತದೆಂಬ ಧೈರ್ಯ ನಮ್ಮವರಿಗಿದೆ. ಅಲ್ಲಿ ಅದಿಲ್ಲ, ಅದಕ್ಕೇ ಅಷ್ಟು ಹೆರುತ್ತಾರೆ. ನನ್ನ ಮೊದಲ ಲೆಕ್ಕದಲ್ಲಿ ಇದು ಕಾಣಲೇ ಇಲ್ಲ ಗುರುಗಳೇ. ಈಗ ಅರಸರ ಮುಂದೆ ಏನು ಹೇಳಲಿ? ಸಂಖ್ಯೆ ಹೇಳಿದರೆ ದಂಡು ಹೊರಡುತ್ತದೆ. ಮುಚ್ಚಿಟ್ಟರೆ ಸುಳ್ಳಾಗುತ್ತದೆ."

"ಸಂಖ್ಯೆ ಹೇಳು. ಹೆಸರುಗಳನ್ನೂ ಹೇಳು."

ಗುರುಗಳು ಎದ್ದು ಊರೊಳಗೆ ಹೋದರು. ಬರುವಾಗ ಊರಿನ ಕೂಸುಗಳನ್ನು ಉಳಿಸುತ್ತ ಬಂದ ಸೂಲಗಿತ್ತಿ ಗಿರಿಯವ್ವ ಜೊತೆಗಿದ್ದಳು, ಕಂಕುಳಲ್ಲಿ ಬೇರು ಸೊಪ್ಪಿನ ಗಂಟು. ಗುರುಗಳು ಅವಳ ಕೈಹಿಡಿದು ಹರಿಗೋಲು ಹತ್ತಿಸಿದರು.

ಹರಿಗೋಲು ಆಚೆ ದಡದ ಕಡೆಗೆ ತಿರುಗಿತು.

ಕೇತಯ್ಯ ಗಾಬರಿಯಾದ. "ಅರಸರು ಯುದ್ಧದ ಮಾತಾಡುತ್ತಿರುವಾಗ ನಮ್ಮ ಸೂಲಗಿತ್ತಿಯನ್ನು ಆ ನಾಡಿಗೆ ಕಳಿಸುವುದೇ? ಎಲ್ಲಿಗೆ ಹೋದಳೆಂದು ಅರಸರು ಕೇಳಿದರೆ ಏನನ್ನಲಿ?"

"ಅರಸರೇ, ನಿಮಗಿಂತ ಮೊದಲು ಹೆದರಿದ ತಾಯಂದಿರ ಮನೆಗೆ ಹೋಗಿದ್ದಾಳೆ ಅನ್ನು."